ಗುರಿಯ ಹಿಂದೆ ಏನಿದೆ?

2023ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಕಾಂಪೌಂಡ್ ಬಿಲ್ಲಿನ ವಿಶ್ವ ಚಾಂಪಿಯನ್ ಆದಾಗ ಅದಿತಿ ಸ್ವಾಮಿಗೆ 17 ವರ್ಷ. ಆಕೆ ಪಳಗಿದ್ದು ಸಾತಾರಾ ಸೀಮೆಯಲ್ಲಿ, ಕಬ್ಬಿನ ಹೊಲಗಳ ಮಗ್ಗುಲಲ್ಲಿ. ಹಾಗಿದ್ದರೆ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಹುಡುಗರು ಹಿತ್ತಲಲ್ಲೇ ಬಿಲ್ಲು ಹಿಡಿಯಬಾರದೇಕೆ? ಹಿಡಿಯಲಿ. ಆದರೆ ಬೇಟೆಯ ಅಲಗಿನ ಬಾಣ ಬೇಡ.

ಹಾವೇರಿ ಜಿಲ್ಲೆಯಲ್ಲಿ ಈ ಮಾತು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಹಂದಿ ನುಗ್ಗುತ್ತದೆ, ಕೃಷ್ಣಮೃಗ ಎಳೆ ಪೈರು ಮೇಯುತ್ತದೆ. ರೈತನ ಸಿಟ್ಟು ನ್ಯಾಯವಾದದ್ದೇ. ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕೃಷ್ಣಮೃಗಕ್ಕಾಗಿಯೇ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಾಗಿದೆ, ಅದನ್ನು ಕೊಂದವರಿಗೆ ಕನಿಷ್ಠ 3 ವರ್ಷ ಜೈಲು. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ದಾರಿಯಿದೆ. ಬಾಣ ನಾಟಿಸಿಕೊಂಡು ಓಡಿದ ಹಂದಿಯಾದರೋ ಎಲ್ಲೋ ನರಳಿ ಸಾಯುತ್ತದೆ, ಇಲ್ಲವೇ ಎದುರು ಸಿಕ್ಕವರ ಮೇಲೆ ಬೀಳುತ್ತದೆ.

ಅಭ್ಯಾಸಕ್ಕೆ ಅಲಗಿಲ್ಲದ ತುದಿಯ ಬಾಣ ಧಾರಾಳ ಸಾಕು. ಅದನ್ನು ತಡೆಯುವ ಗುರಿಗೆ ಬೇಕಾದ ಸಾಮಾನೂ ಮನೆಯಲ್ಲೇ ಇದೆ. ಗೊಬ್ಬರದ ಖಾಲಿ ಚೀಲದೊಳಗೆ ಇನ್ನೊಂದು ಚೀಲ ಸೇರಿಸಿ, ಹಳೇ ಸೀರೆ, ಧೋತರ, ಹರಿದ ಕೌದಿಗಳನ್ನು ಒನಕೆಯಿಂದ ಜಡಿದು ತುಂಬಬೇಕು. ಗುಂಡಿ, ಹುಕ್ಕು, ಜಿಪ್ಪುಗಳನ್ನು ಮೊದಲೇ ಕತ್ತರಿಸಿ ತೆಗೆಯಬೇಕು. ಅವಕ್ಕೆ ಬಡಿದ ಬಾಣ ಹಿಂದಕ್ಕೆ ಚಿಮ್ಮಬಹುದು. ಒಳಹೊಕ್ಕ ಬಾಣದ ಕಡ್ಡಿಯನ್ನು ಸುತ್ತಲಿನ ಬಟ್ಟೆ ಬಿಗಿಹಿಡಿಯುತ್ತದೆ, ಆ ತಿಕ್ಕಾಟಕ್ಕೆ ವೇಗ ಸಾಯುತ್ತದೆ. ಅಲಗಿನ ಬಾಣ ಇದೇ ಬಟ್ಟೆಯನ್ನು ಸೀಳಿಕೊಂಡು ಹೋಗುತ್ತದೆ, ವಾಪಸ್ ಎಳೆದರೆ ಚೀಲವನ್ನೇ ಹರಿಯುತ್ತದೆ. ದಿನ ಕಳೆದಂತೆ ಬಟ್ಟೆ ಕೆಳಗೆ ಕುಸಿದು ಮೇಲ್ಭಾಗ ಟೊಳ್ಳಾಗುವುದರಿಂದ ಆಗಾಗ ತುಂಬುತ್ತಿರಬೇಕು.

ಇಷ್ಟಾದರೂ ಚೀಲ ಅರ್ಧ ಕೆಲಸ ಮಾತ್ರ. ಕಲಿಯುವವರ ಬಾಣ ತಪ್ಪಿಯೇ ತಪ್ಪುತ್ತದೆ, ಮೇಲಕ್ಕೆ ಹಾರಿದ ಬಾಣ 200 ಮೀಟರ್ ದಾಟಬಲ್ಲದು. ಅಷ್ಟು ದೂರದೊಳಗೆ ಪಕ್ಕದ ಮನೆಯ ಬಚ್ಚಲೂ ಇದೆ, ಬಾವಿಗೆ ಹೋಗುವ ಹಾದಿಯೂ ಇದೆ. ಗುರಿಯ ಹಿಂದೆ ಆಳೆತ್ತರಕ್ಕೂ ಮಿಗಿಲಾದ ಮಣ್ಣಿನ ಒಡ್ಡು ಬೇಕು, ಅದರಲ್ಲಿ ಕಲ್ಲು ಇರಕೂಡದು. ಬಿಲ್ಲನ್ನು ಆಕಾಶಕ್ಕೆ ಎತ್ತಿ ಎಳೆಯುವುದನ್ನು ಅಂತರರಾಷ್ಟ್ರೀಯ ನಿಯಮಗಳೇ ಒಪ್ಪುವುದಿಲ್ಲ.

ಹೇಗೂ ಇದೆಯಲ್ಲ ಎಂದು ಮೇವಿನ ಬಣವಿಗೆ ಹೊಡೆಯುವುದಂತೂ ಸಲ್ಲದು. ಮುರಿದ ಲೋಹದ ತುದಿ ಮೇವಿನ ಜೊತೆ ಎತ್ತಿನ ಹೊಟ್ಟೆ ಸೇರಿದರೆ ಜಠರವನ್ನು ಚುಚ್ಚಿ ಹೃದಯದವರೆಗೂ ಹೋಗಬಹುದು. ಪಶುವೈದ್ಯರು ತಂತಿ, ಮೊಳೆ ನುಂಗಿದ ದನಗಳಲ್ಲಿ ನೋಡುವುದು ಇದನ್ನೇ. ಕಾರ್ಬನ್ ಬಾಣದ ಸಿಬಿರು ಹುಲ್ಲಿನಲ್ಲಿ ಕಣ್ಣಿಗೂ ಬೀಳುವುದಿಲ್ಲ.

ಒಡ್ಡು ಹಾಕುವಷ್ಟು ಜಾಗವಿಲ್ಲದ ಹಿತ್ತಲಲ್ಲಿ ಬಿಲ್ಲು ಗೋಡೆಯ ಮೇಲಿರಲಿ. ಸುಗ್ಗಿ ಮುಗಿದ ಹೊಲದ ಬದುವಿನಲ್ಲಿ, ದೊಡ್ಡವರೊಬ್ಬರು ನಿಂತು ನೋಡುವಾಗ, 10 ಮೀಟರಿನಿಂದ ಕಲಿಕೆ ಶುರುವಾಗಲಿ. ಬಾಣ ಕೀಳುವವರ ಬೆನ್ನ ಹಿಂದೆ ಯಾರೂ ನಿಲ್ಲದಿರಲಿ: ಜಗ್ಗಿದ ಬಾಣದ ಹಿಂತುದಿ ಸರಿಯಾಗಿ ಮಗುವಿನ ಕಣ್ಣಿನ ಎತ್ತರಕ್ಕೇ ಬರುತ್ತದೆ.