ಪಟ್ಟದ ಮೊದಲ ಹದಿನೈದು ತಿಂಗಳು

ಹೊಸದಾಗಿ ಅಧಿಕಾರಕ್ಕೆ ಬಂದವನ ಕಸುವನ್ನು ಅಳೆದು ನೋಡಲು ಹೊರಗಿನ ಪ್ರಬಲ ರಾಜ್ಯಗಳು ಬಹುಕಾಲ ಕಾಯುವುದಿಲ್ಲ. ಇದಕ್ಕೆ ನಿದರ್ಶನವನ್ನು ಅರಸಿ ನಾವು ದೂರದೇಶಗಳಿಗೆ ಹೋಗಬೇಕಾದುದಿಲ್ಲ. ನಾನು ವಾಸಿಸುವ ಸಿದ್ದಾಪುರದ ನೆರೆಯಲ್ಲಿಯೇ ಲಾಲ್‌ಬಾಗ್ ಇದೆ. ಹೈದರಾಲಿ ಆರಂಭಿಸಿ, ಮಗ ಟಿಪ್ಪು ಬೆಳೆಸಿದ ತೋಟವದು. ಟಿಪ್ಪುವಿನ ಮರಣವನ್ನು ಕುರಿತು ನಾಟಕ, ಲಾವಣಿಗಳು ಧಾರಾಳವಾಗಿವೆ. ಅವನ ಆಳ್ವಿಕೆಯ ಮೊದಲ ಹದಿನೈದು ತಿಂಗಳನ್ನು ಕುರಿತು ಕೇಳುವವರು ವಿರಳ.

1782ರ ಡಿಸೆಂಬರ್ 7ರಂದು ಹೈದರನು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡನು. ಕಂಪನಿಯೊಡನೆ ಯುದ್ಧ ನಡೆದೇ ಇತ್ತು. ಉತ್ತರಾಧಿಕಾರಿ ದೂರದ ಮಲಬಾರಿನಲ್ಲಿದ್ದನು. ಪೂರ್ಣಯ್ಯ, ಕೃಷ್ಣರಾವ್ ಮೊದಲಾದವರು ಸಾವಿನ ಸುದ್ದಿಯನ್ನು ಅಡಗಿಸಿ, ನವಾಬನು ಬದುಕಿರುವಂತೆಯೇ ದೈನಂದಿನ ವ್ಯವಹಾರವನ್ನು ಸಾಗಿಸಿ, ಟಿಪ್ಪು ಬರುವ ತನಕ ಸೈನ್ಯ ಚೆದರದಂತೆ ನೋಡಿಕೊಂಡರು. ಇದು ಅವನ ಜಾಣ್ಮೆಯಲ್ಲ, ಭಾಗ್ಯ. ಪೂರ್ಣಯ್ಯನಂಥವನನ್ನು ಕೊನೆಯವರೆಗೂ ಉಳಿಸಿಕೊಂಡುದು ಮಾತ್ರ ಜಾಣ್ಮೆಯೇ ಸರಿ.

ಮರುವರ್ಷದ ಆರಂಭದಲ್ಲಿಯೇ ಬಿದನೂರಿನ ಅಧಿಕಾರಿ ಅಯಾಜನು ಕೋಟೆಯನ್ನು ಆಂಗ್ಲರಿಗೆ ಒಪ್ಪಿಸಿಬಿಟ್ಟನು. ಟಿಪ್ಪು ಏಪ್ರಿಲ್ ಕೊನೆಯ ಹೊತ್ತಿಗೆ ಅದನ್ನು ಮರಳಿ ಪಡೆದು, ಘಟ್ಟವಿಳಿದು ಮಂಗಳೂರಿಗೆ ಮುತ್ತಿಗೆ ಹಾಕಿದನು. ಅಷ್ಟರಲ್ಲಿ ಯೂರೋಪಿನಲ್ಲಿ ಸಂಧಿಯಾಯಿತೆಂಬ ವಾರ್ತೆ ಬಂದು, ಜೊತೆಗಿದ್ದ ಫ್ರೆಂಚರು ಕೈಬಿಟ್ಟರು. ಮಿತ್ರನೆಂದು ನಂಬಿದವನ ಯುದ್ಧವೂ ಶಾಂತಿಯೂ ಎಲ್ಲಿಯೋ ದೂರದ ರಾಜಧಾನಿಯಲ್ಲಿ ನಿಶ್ಚಯವಾಗುವಾಗ ಇಲ್ಲಿ ಹೋರಾಡುವವನ ಪಾಡೇನು? ಹೊಸ ದೊರೆ ಕಂಗೆಡಲಿಲ್ಲ. ಮುತ್ತಿಗೆಯನ್ನು ಜನವರಿಯವರೆಗೂ ಬಿಗಿಹಿಡಿದು, ಕೋಟೆ ಕೈಸೇರಿದ ಮೇಲೆಯೂ ಯುದ್ಧವನ್ನು ಬೆಳೆಸದೆ, 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಒಪ್ಪಂದ ಮಾಡಿಕೊಂಡನು. ಗೆದ್ದ ಸೀಮೆಗಳನ್ನು ಪರಸ್ಪರ ಹಿಂದಿರುಗಿಸುವ, ಸಮಾನರ ನಡುವಣ ಒಪ್ಪಂದವದು. ಕಂಪನಿಯ ಪ್ರತಿನಿಧಿಗಳೇ ಅವನ ಪಾಳೆಯಕ್ಕೆ ಬರಬೇಕಾಯಿತು. ವಾರನ್ ಹೇಸ್ಟಿಂಗ್ಸನಿಗೆ ಇದು ರುಚಿಸಲಿಲ್ಲವೆಂಬುದೇ ಸಂಧಿಯ ಬೆಲೆಯನ್ನು ಹೇಳುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಪಾಠ ಸುಲಭ. ಆದರೆ ಅದೇ ದಿನಗಳಲ್ಲಿ, ಆಂಗ್ಲರಿಗೆ ನೆರವಾದರೆಂಬ ಗುಮಾನಿಯ ಮೇಲೆ, ಕರಾವಳಿಯ ಕ್ರೈಸ್ತರನ್ನು ಹೆಂಗಸರು ಮಕ್ಕಳೆನ್ನದೆ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಹೊರಗಿನ ಶತ್ರುವಿನೊಡನೆ ಮಾತುಕತೆಗೆ ಕುಳಿತವನು ತನ್ನ ಪ್ರಜೆಗಳಿಗೆ ವಿಚಾರಣೆಯನ್ನೂ ಕೊಡಲಿಲ್ಲ. ಆ ಒಪ್ಪಂದವನ್ನು ಮೆಚ್ಚುವ ನಾನು ಇದನ್ನು ಕಾಲಧರ್ಮವೆಂದು ತಳ್ಳಿಹಾಕಲಾರೆ. ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು, “ಸರ್, ಹಾಗಾದರೆ ಉತ್ತರದಲ್ಲಿ ಯಾವುದನ್ನು ಬರೆಯಬೇಕು?” ಎಂದು ಕೇಳಿದನು. ಎರಡನ್ನೂ ಬರೆಯಪ್ಪ ಎಂದೆ. ಅವನ ಮುಖ ನೋಡಿದರೆ, ಅಂಕ ಹೋದೀತೆಂಬ ಅಂಜಿಕೆ ಸ್ಪಷ್ಟವಾಗಿತ್ತು!

ಟಿಪ್ಪು ಮಂಗಳೂರಿನ ಗೆಲುವನ್ನು ಓದಿಕೊಂಡ ಬಗೆಯಲ್ಲಿಯೂ ಒಂದು ಕೊರತೆ ನನಗೆ ಕಾಣುತ್ತದೆ. ಆಗ ಮರಾಠರಾಗಲಿ ನಿಜಾಮನಾಗಲಿ ಕಂಪನಿಯ ಪಕ್ಕದಲ್ಲಿ ನಿಂತು ಕಾದಿರಲಿಲ್ಲ. ನೆರೆಯವರ ಆ ತಾಟಸ್ಥ್ಯವನ್ನು ಸ್ನೇಹವಾಗಿ ಬೆಳೆಸಿಕೊಳ್ಳುವ ಬದಲು ಅವನು ಮುಂದಿನ ವರ್ಷಗಳಲ್ಲಿ ಅವರೊಡನೆಯೇ ಯುದ್ಧಕ್ಕೆ ಬಿದ್ದನು. 1789ರ ಕೊನೆಗೆ ತಿರುವಾಂಕೂರಿನ ಮೇಲೂ ಏರಿಹೋದನು. 1790ರಲ್ಲಿ ಮೂವರೂ ಒಂದಾದರು. 1791ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನ ಕೋಟೆ ಕಾರ್ನ್‌ವಾಲಿಸನ ವಶವಾಯಿತು. 1792ರಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಅವನು ಒತ್ತೆಯಾಗಿ ಕಳುಹಿಸಿಕೊಟ್ಟನು. ಅವರಲ್ಲಿ ಹಿರಿಯನಿಗೆ ಹತ್ತರ ಆಸುಪಾಸು. ತಂದೆ ಪಟ್ಟಕ್ಕೆ ಬಂದ ಕಾಲದ ಕೂಸು.