ವಿದ್ಯಾರ್ಥಿವೇತನ: ಬಹುಮಾನವೋ, ಬುತ್ತಿಯೋ?

ಅರಿಕೇಸರಿಯಿಂದ ಪಂಪನಿಗೆ ಧರ್ಮಪುರವೆಂಬ ಅಗ್ರಹಾರ ದೊರೆತದ್ದು ಕಾವ್ಯ ಸಿದ್ಧವಾದ ಮೇಲೆ. ಆ ದಾನ ಒಂದು ವರ್ಷ ತಡವಾಗಿ ಕೈಸೇರಿದ್ದರೂ ‘ವಿಕ್ರಮಾರ್ಜುನ ವಿಜಯ’ದಲ್ಲಿ ಒಂದು ಪದ್ಯವೂ ಕಡಿಮೆಯಾಗುತ್ತಿರಲಿಲ್ಲ. ಬಹುಮಾನದ ಸ್ವಭಾವವೇ ಅಂಥದು. ಆದ ಕೆಲಸಕ್ಕೆ ಅದು ಮನ್ನಣೆ, ಆಗಬೇಕಾದ ಕೆಲಸಕ್ಕೆ ಆಧಾರವಲ್ಲ. ವಿದ್ಯಾರ್ಥಿವೇತನದ ಸ್ವಭಾವ ಬೇರೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಆ ಸಮಾಸವನ್ನು ಬಿಡಿಸಿ ನೋಡಿದರೆ ಸಾಕು: ವಿದ್ಯಾರ್ಥಿಗೆ ವೇತನ. ವೇತನವೆಂಬುದು ಕೆಲಸ ನಡೆಯುತ್ತಿರುವಾಗಲೇ ಹೊಟ್ಟೆಗೆ, ಬಟ್ಟೆಗೆ, ಬಸ್ಸಿಗೆ ಒದಗಬೇಕಾದದ್ದು. ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ ಅದು ಬುತ್ತಿ. ಬುತ್ತಿಯನ್ನು ಹೊರಡುವ ಮುನ್ನ ಕಟ್ಟುತ್ತಾರೆ. ದಾರಿ ಸವೆದ ಮೇಲೆ ಕಟ್ಟುವುದಿಲ್ಲ.

ಇಂದು ಪ್ರತಿಭೆಯ ಆಧಾರದ ಮೇಲೆ ನೀಡುವ ವಿದ್ಯಾರ್ಥಿವೇತನಗಳು ಹೆಸರಿನಲ್ಲಿ ವೇತನ, ನಡವಳಿಕೆಯಲ್ಲಿ ಬಹುಮಾನ. ವಿದ್ಯಾರ್ಥಿ ಮೊದಲು ಪ್ರವೇಶ ಪಡೆಯಬೇಕು, ಶುಲ್ಕ ಕಟ್ಟಬೇಕು, ತರಗತಿಗೆ ಬರತೊಡಗಬೇಕು. ಆ ಬಳಿಕ ಅರ್ಜಿ, ಅದರ ಬಳಿಕ ಪರಿಶೀಲನೆ, ಅದರ ಬಳಿಕ ಮೌನ. ಆ ಮೌನ ಎಷ್ಟು ತಿಂಗಳದು ಎಂಬುದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಅಷ್ಟರಲ್ಲಿ ಮೊದಲ ಸೆಮಿಸ್ಟರಿನ ಪರೀಕ್ಷೆಯೇ ಮುಗಿದಿರುತ್ತದೆ.

ಈ ಕಾಯುವಿಕೆ ಎಲ್ಲರಿಗೂ ಒಂದೇ ಬಗೆಯದಲ್ಲ. ಹೊಸೂರಿಗೆ ಹೊಂದಿಕೊಂಡಿರುವ ಆಲಸನತ್ತಂ ಅನ್ನೇ ಎತ್ತಿಕೊಳ್ಳಬಹುದು. ‘ನತ್ತಂ’ ಎಂದರೆ ತಮಿಳುನಾಡಿನ ಕಂದಾಯ ದಾಖಲೆಗಳ ಭಾಷೆಯಲ್ಲಿ ಊರಿನ ಜನ ಮನೆ ಕಟ್ಟಿಕೊಂಡಿರುವ ನೆಲ. ಹೊಸೂರಿನ ಕೈಗಾರಿಕೆ ಬೆಳೆದಂತೆ ಆ ನೆಲವೂ ನಗರದೊಳಗೆ ಕರಗುತ್ತ ಬಂದಿದೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಈ ಸೀಮೆಯಿಂದ ಅತ್ತಿಬೆಲೆಯ ಗಡಿ ಬಹಳ ದೂರವಿಲ್ಲ. ಬೆಂಗಳೂರಿಗೆ ಓದಲು ಹೋಗುವುದು ಇಲ್ಲಿಯವರಿಗೆ ಹೊಸತೂ ಅಲ್ಲ. ಹೊಸೂರಿನ ಬಳಿಯ ತೊರಪ್ಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಹೊಸೂರಿನ ಶಾಲೆಯಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು. ಆಗ ಆ ಕಾಲೇಜು ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಸಂಸ್ಥಾನದ ಗಡಿ ಇದ್ದರೂ ವಿದ್ಯೆಗೆ ಗಡಿ ಇರಲಿಲ್ಲವೆಂದೇ ಹೇಳಬೇಕು. 1956ರ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಹೊಸೂರು ಮದ್ರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದಿನಿಂದ ಅತ್ತಿಬೆಲೆಯ ಗಡಿಯನ್ನು ದಾಟುವ ವಿದ್ಯಾರ್ಥಿ ಬಸ್ಸನ್ನಷ್ಟೇ ಅಲ್ಲ, ಒಂದು ಆಡಳಿತವನ್ನೇ ಬದಲಿಸುತ್ತಾನೆ.

ಆಲಸನತ್ತಂನಿಂದ ಒಬ್ಬ ವಿದ್ಯಾರ್ಥಿನಿ ಗಡಿಯಾಚೆಯ ಪದವಿಪೂರ್ವ ಕಾಲೇಜಿನಲ್ಲಿ ಕಲಾ ವಿಭಾಗ ಮುಗಿಸಿ, ಐಚ್ಛಿಕ ಕನ್ನಡವನ್ನು ಆರಿಸಿಕೊಂಡು ಪದವಿಗೆ ಸೇರಿದಳೆಂದು ಭಾವಿಸೋಣ. ತಮಿಳುನಾಡು ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ‘ಪುದುಮೈ ಪೆಣ್’ ಯೋಜನೆ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,000 ರೂಪಾಯಿ ಕೊಡುತ್ತದೆ. ಅದು ಮೆಚ್ಚಬೇಕಾದ ಯೋಜನೆ. ಹಣ ತಿಂಗಳು ತಿಂಗಳು ಬರುವುದರಿಂದ ಬುತ್ತಿಯೆಂಬ ಹೆಸರಿಗೆ ತಕ್ಕದ್ದು. ಆದರೆ ಅದರ ಮೂಲ ನಿಯಮ 6ರಿಂದ 12ನೆಯ ತರಗತಿಯವರೆಗೆ ಆ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಓದಿರಬೇಕೆಂಬುದು. ಕೊನೆಯ ಎರಡು ವರ್ಷ ಗಡಿ ದಾಟಿದ್ದರಿಂದ ಅವಳು ಹೊರಗುಳಿದಳು. ಕರ್ನಾಟಕದ ವಿದ್ಯಾರ್ಥಿವೇತನಗಳನ್ನು ನೋಡಿದರೆ, ಅವು ಸಾಮಾನ್ಯವಾಗಿ ಕರ್ನಾಟಕದ ನಿವಾಸಿಗಳಿಗೆ. ಅವಳ ಪಡಿತರ ಚೀಟಿ ಕೃಷ್ಣಗಿರಿ ಜಿಲ್ಲೆಯದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿನಿಯಾದರೆ 1944ರಿಂದ ನಡೆದು ಬಂದಿರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಅದನ್ನು ಕೊಡಬೇಕಾದದ್ದು ಅವಳು ಸೇರಿದ ರಾಜ್ಯ, ಅವಳ ಓದನ್ನು ದೃಢೀಕರಿಸಬೇಕಾದದ್ದು ಇನ್ನೊಂದು ರಾಜ್ಯದ ಕಾಲೇಜು. ಎರಡು ಕಚೇರಿಗಳ ನಡುವೆ ಕಾಗದ ಓಡಾಡುವ ಕಾಲವೂ ಅವಳ ಕಾಯುವಿಕೆಗೆ ಕೂಡುತ್ತದೆ.

ಉಳಿದದ್ದು ಕೇಂದ್ರ ಸರ್ಕಾರದ ಪ್ರತಿಭಾ ವಿದ್ಯಾರ್ಥಿವೇತನ. ಇದರ ಒಳಗನ್ನು ಕನ್ನಡ ಓದುವವರು ಚೆನ್ನಾಗಿ ತಿಳಿದಿರಬೇಕು, ತಿಳಿದವರು ಕಡಿಮೆ. ಇಡೀ ದೇಶಕ್ಕೆ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನಗಳು, ಅವುಗಳಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷವನ್ನು ಮೀರಿರಬಾರದು. ಹನ್ನೆರಡನೆಯ ತರಗತಿಯಲ್ಲಿ ತನ್ನ ಮಂಡಳಿಯ, ತನ್ನ ವಿಭಾಗದ ಉತ್ತೀರ್ಣರನ್ನು ಅಂಕಗಳ ಕ್ರಮದಲ್ಲಿ ನಿಲ್ಲಿಸಿದರೆ ವಿದ್ಯಾರ್ಥಿ ಮೇಲಿನ ಐದನೆಯ ಒಂದು ಭಾಗದಲ್ಲಿರಬೇಕು. ಇಷ್ಟು ಅರ್ಹತೆ. ಅರ್ಹತೆಯಿದ್ದವರಿಗೆಲ್ಲ ವೇತನ ಬರುವುದಿಲ್ಲ. ಪ್ರತಿ ರಾಜ್ಯದ ಮಂಡಳಿಗೆ ಒಂದು ಪಾಲು ನಿಗದಿಯಾಗಿದೆ, ಆ ಪಾಲಿನೊಳಗೆ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರ ಪ್ರಮಾಣದಲ್ಲಿ ಹಂಚಿಕೆ.

ಆ ಅನುಪಾತದ ಮುಂದೆ ಸ್ವಲ್ಪ ನಿಲ್ಲಬೇಕು. ಆರು ವೇತನಗಳಿದ್ದರೆ ಮೂರು ವಿಜ್ಞಾನಕ್ಕೆ, ಎರಡು ವಾಣಿಜ್ಯಕ್ಕೆ, ಒಂದು ಕಲಾ ವಿಭಾಗಕ್ಕೆ. ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಕಲ ಭಾಷೆಗಳು ಎಲ್ಲ ಸೇರಿ ಆ ಒಂದರ ಮುಂದೆ ಸಾಲು ನಿಲ್ಲಬೇಕು. ವಿಜ್ಞಾನದ ಓದಿಗೆ ಖರ್ಚು ಹೆಚ್ಚೆಂಬ ವಾದವನ್ನು ಇಲ್ಲಿ ಒಪ್ಪುವಂತಿಲ್ಲ. ಏಕೆಂದರೆ ಕೊಡುವ ಮೊತ್ತ ಮೂವರಿಗೂ ಒಂದೇ. ಹಾಗಾದರೆ ಈ ಅನುಪಾತ ಅಳೆಯುತ್ತಿರುವುದು ಅಗತ್ಯವನ್ನೂ ಅಲ್ಲ, ಪ್ರತಿಭೆಯನ್ನೂ ಅಲ್ಲ, ಯಾವ ಓದು ದೇಶಕ್ಕೆ ಹೆಚ್ಚು ಬೇಕೆಂಬ ಒಂದು ಎಣಿಕೆಯನ್ನು. ಆ ಎಣಿಕೆಯನ್ನು ಬಹಿರಂಗವಾಗಿ ವಾದಿಸಿ ಗೆದ್ದವರಿಲ್ಲ. ಅದು ನಿಯಮಾವಳಿಯ ಒಂದು ಸಾಲಿನಲ್ಲಿ ಕುಳಿತಿದೆ. ಕನ್ನಡ ವಿಭಾಗಗಳ ಸಂಕಿರಣಗಳಲ್ಲಿ ಭಾಷೆಯ ಅಳಿವು ಉಳಿವಿನ ಬಗೆಗೆ ನಡೆಯುವ ಚರ್ಚೆಯ ನೂರರಲ್ಲಿ ಒಂದು ಪಾಲು ಈ ಸಾಲಿನ ಬಗೆಗೂ ನಡೆದರೆ ಒಳಿತು.

ಇನ್ನು ಕಾಲದ ಲೆಕ್ಕ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2024-25ನೆಯ ಸಾಲಿಗೆ ಒಂದು ಒಳ್ಳೆಯ ನಿಯಮ ಮಾಡಿತ್ತು. ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದುಮಾಡಿಕೊಂಡರೆ ಶುಲ್ಕ ಪೂರ್ತಿ ವಾಪಸ್ಸು. ಅಕ್ಟೋಬರ್ 31ರವರೆಗೆ 1,000 ರೂಪಾಯಿಗೆ ಮೀರದ ಕಡಿತ. ಅತ್ತ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿಯ ಗಡುವು ಈಚಿನ ವರ್ಷಗಳಲ್ಲಿ ಅಕ್ಟೋಬರ್ ಕೊನೆಗೋ ಅದರಾಚೆಗೋ ಬೀಳುತ್ತಿದೆ. ಅರ್ಜಿ ಮುಗಿದ ಮೇಲೆ ಕಾಲೇಜಿನ ಪರಿಶೀಲನೆ, ಅದರ ಮೇಲೆ ಇನ್ನೊಂದು ಹಂತದ ಪರಿಶೀಲನೆ, ಆಮೇಲೆ ಆಯ್ಕೆಯ ಪಟ್ಟಿ. ಅಂದರೆ ವಿದ್ಯಾರ್ಥಿನಿಯು ‘ವೇತನ ಬಾರದಿದ್ದರೆ ಓದು ಸಾಗದು, ಹಣ ಹಿಂದಿರುಗಿಸಿ’ ಎಂದು ಕೇಳಬಹುದಾದ ಬಾಗಿಲು, ವೇತನ ಬರುವುದೋ ಇಲ್ಲವೋ ಎಂದು ತಿಳಿಯುವ ಮೊದಲೇ ಮುಚ್ಚಿಕೊಳ್ಳುತ್ತದೆ. ಎರಡೂ ಅವಳ ಹಿತಕ್ಕಾಗಿಯೇ ಮಾಡಿದ ನಿಯಮಗಳು. ಎರಡೂ ಒಂದನ್ನೊಂದು ನೋಡದೆ ನಡೆಯುತ್ತಿವೆ.

ಮನೆಯಲ್ಲಿ ಈ ತಿಂಗಳುಗಳು ಹೇಗೆ ಕಳೆಯುತ್ತವೆಂಬುದು ಕಡತಗಳಿಗೆ ಕಾಣುವುದಿಲ್ಲ. ಹೊಸೂರಿನಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಕೆಲಸ ದುರ್ಲಭವಲ್ಲ. ಎಪ್ಪತ್ತು, ಎಂಬತ್ತರ ದಶಕಗಳಿಂದ ಬೆಳೆದ ಸಿಪ್ಕಾಟ್ ಕೈಗಾರಿಕಾ ವಲಯ, ವಾಹನ, ಗಡಿಯಾರಗಳ ಕಾರ್ಖಾನೆಗಳು, ಈಚೆಗೆ ಸಾವಿರಾರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿರುವ ಎಲೆಕ್ಟ್ರಾನಿಕ್ಸ್ ಘಟಕ ಇವೆಲ್ಲ ಕಣ್ಣೆದುರಿಗೇ ಇವೆ. ಕಂಪನಿಯ ಬಸ್ಸು ಊರ ಬಾಗಿಲಿಗೆ ಬರುತ್ತದೆ. ಸಂಬಳ ತಿಂಗಳ ಗೊತ್ತಾದ ದಿನ ಖಾತೆಗೆ ಬೀಳುತ್ತದೆ. ದುಡಿಮೆ ಕೀಳೆಂಬ ಮಾತು ಇಲ್ಲಿ ಸಲ್ಲದು, ಆ ಸಂಬಳದಿಂದ ಎಷ್ಟೋ ಮನೆಗಳು ನಿಂತಿವೆ. ಆದರೆ ಒಂದು ಕಡೆ ದಿನಾಂಕವಿರುವ ಹಣ, ಇನ್ನೊಂದು ಕಡೆ ದಿನಾಂಕವಿಲ್ಲದ ಹಣ ಇದ್ದಾಗ ತಂದೆತಾಯಿ ಯಾವುದನ್ನು ನಂಬಬೇಕು? ‘ಇನ್ನೂ ಬಂದಿಲ್ಲವೇನಮ್ಮ?’ ಎಂಬ ಪ್ರಶ್ನೆ ಪ್ರತಿ ವಾರ ಎದ್ದರೆ, ಉತ್ತರವಿಲ್ಲದ ಮಗಳು ಕೊನೆಗೆ ಕಾದಂಬರಿಯನ್ನು ಮುಚ್ಚಿ ಗುರುತಿನ ಚೀಟಿ ಕೊರಳಿಗೆ ಹಾಕಿಕೊಳ್ಳುತ್ತಾಳೆ. ಹೀಗೆ ಬಿಟ್ಟುಹೋದವಳನ್ನು ‘ಪ್ರವೇಶದ ನಂತರ ಗೈರು’ ಎಂದು ಹಾಜರಿ ಪುಸ್ತಕ ಬರೆದುಕೊಳ್ಳುತ್ತದೆ. ವೇತನದ ವಿಳಂಬ ಎಂಬ ಕಾರಣ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಗಡಿಯಾಚೆಯಿಂದ ಕನ್ನಡವನ್ನೇ ಆರಿಸಿ ಬರುವವರು ಮೊದಲೇ ವಿರಳ. 2006ರ ತಮಿಳು ಕಲಿಕೆಯ ಕಾಯಿದೆಯ ನಂತರ ಆ ಭಾಗದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ತಮಿಳು ಕಡ್ಡಾಯವಾಗುತ್ತ ಬಂದಿತು. ಕನ್ನಡ ಮನೆಮಾತಿನ ಮಕ್ಕಳಿಗೆ ಕನ್ನಡವು ಪರೀಕ್ಷೆಯ ದೃಷ್ಟಿಯಿಂದ ಹೆಚ್ಚಿನ ಹೊರೆಯಂತೆ ತೋರತೊಡಗಿತು. ಅಂಥಲ್ಲಿಂದ ಹಳಗನ್ನಡ ಓದುತ್ತೇನೆಂದು ಬಂದವಳನ್ನು ಒಂದು ಕಡತದ ನಿಧಾನಕ್ಕೆ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಹಿಂದೆ ಹೇಗಿತ್ತು? ಹಿಂದಿನ ತಲೆಮಾರಿನ ಎಷ್ಟೋ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಪದ್ಧತಿಯನ್ನು ಹೊಗಳಿ ಬರೆಯುವ ರೂಢಿಯೊಂದಿದೆ; ಅದನ್ನು ಇಲ್ಲಿ ಮುಂದುವರಿಸಬೇಕಾಗಿಲ್ಲ. ಅದರಲ್ಲಿ ಜಾತಿಯ ಗೆರೆಯಿತ್ತು, ಹಂಗಿನ ಅನ್ನದ ಸಂಕೋಚವಿತ್ತು, ಹೆಣ್ಣುಮಕ್ಕಳಿಗಂತೂ ಅದು ಇರಲೇ ಇಲ್ಲ. ಅದನ್ನು ಬಿಟ್ಟು ಹಕ್ಕಿನ ರೂಪದ ವಿದ್ಯಾರ್ಥಿವೇತನಕ್ಕೆ ಬಂದದ್ದು ಮುನ್ನಡೆಯೇ. ಆದರೂ ವಾರಾನ್ನದ ಹುಡುಗನಿಗೆ ಗುರುವಾರ ಯಾವ ಮನೆಯೆಂದು ಗೊತ್ತಿರುತ್ತಿತ್ತು. 1913ರಲ್ಲಿ ಅಂಬೇಡ್ಕರರು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೊರಟಾಗ ಬರೋಡಾ ಸಂಸ್ಥಾನದ ವೇತನ ತಿಂಗಳಿಗೆ 11.5 ಪೌಂಡು, ಅವಧಿ ಮೂರು ವರ್ಷ ಎಂಬುದು ಹಡಗು ಹತ್ತುವ ಮೊದಲೇ ನಿಶ್ಚಯವಾಗಿತ್ತು. ಆ ನಿಶ್ಚಯವಿಲ್ಲದಿದ್ದರೆ ಹಡಗು ಹತ್ತುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ಅಧಿಕಾರಿಗಳ ಪರವಾಗಿಯೂ ಒಂದು ಮಾತಿದೆ, ಅದು ನಿಜವಾದ ಮಾತು. ಪರಿಶೀಲನೆ ಸಡಿಲವಾದರೆ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು 2023ರಲ್ಲಿ ದೇಶ ಕಂಡಿತು. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದಲ್ಲಿ ತನಿಖೆಗೆ ಒಳಗಾದ 1,572 ಸಂಸ್ಥೆಗಳಲ್ಲಿ 830 ನಕಲಿಯೆಂದು ಕಂಡುಬಂದು, ಪ್ರಕರಣ ಸಿಬಿಐಗೆ ಹೋಯಿತು. ಆದ್ದರಿಂದ ಆಧಾರ್ ಜೋಡಣೆ ಬೇಡ, ಎರಡು ಹಂತದ ಪರಿಶೀಲನೆ ಬೇಡ ಎನ್ನುವಂತಿಲ್ಲ. ಆದರೆ ಪರಿಶೀಲನೆ ಕಟ್ಟುನಿಟ್ಟಾಗಿರುವುದು ಬೇರೆ, ಅದಕ್ಕೆ ದಿನಾಂಕವಿಲ್ಲದಿರುವುದು ಬೇರೆ. ಅರ್ಜಿ ಹಾಕಲು ವಿದ್ಯಾರ್ಥಿಗೆ ಗಡುವಿದೆ; ಒಂದು ದಿನ ತಡವಾದರೂ ಜಾಲತಾಣ ಅವಳನ್ನು ಒಳಗೆ ಬಿಡುವುದಿಲ್ಲ. ಉತ್ತರ ಕೊಡಲು ಕಚೇರಿಗೂ ಅದೇ ಬಗೆಯ ಗಡುವಿರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಅಂಕಗಳು ಮಂಡಳಿಯ ಬಳಿ ಮೇ ತಿಂಗಳ ಹೊತ್ತಿಗೇ ಇರುತ್ತವೆ. ಹೋದ ವರ್ಷ ಕಲಾ ವಿಭಾಗದಲ್ಲಿ ಎಷ್ಟು ಅಂಕಕ್ಕೆ ಪಟ್ಟಿ ನಿಂತಿತೆಂಬುದನ್ನು ಅರ್ಜಿಯ ಪುಟದಲ್ಲಿಯೇ ಕಾಣಿಸಿದರೆ, ಅರ್ಧದಷ್ಟು ಆತಂಕ ಅಲ್ಲಿಯೇ ಇಳಿಯುತ್ತದೆ.

ಇಲ್ಲಿ ಅಹಿತವೆನಿಸುವ ಒಂದು ಮಾತನ್ನೂ ಹೇಳಬೇಕಾಗಿದೆ. ಮಾರ್ಚಿನಲ್ಲಿ ಬರುವ ‘ಹೌದು’ ಎಂಬುದಕ್ಕಿಂತ ಆಗಸ್ಟಿನಲ್ಲಿ ಬರುವ ‘ಇಲ್ಲ’ ಎಂಬುದು ಬಡ ವಿದ್ಯಾರ್ಥಿಗೆ ಹೆಚ್ಚು ಉಪಕಾರಿ. ‘ಇಲ್ಲ’ ಎಂದು ತಿಳಿದವಳು ಶುಲ್ಕದ ಕಂತು ಕೇಳಬಹುದು, ಸಂಜೆಯ ಕೆಲಸವೊಂದನ್ನು ಹುಡುಕಬಹುದು, ಬೇರೆ ದತ್ತಿಗೆ ಅರ್ಜಿ ಹಾಕಬಹುದು, ಹತ್ತಿರದ ಸರ್ಕಾರಿ ಕಾಲೇಜಿಗೆ ಬದಲಾಗಬಹುದು. ಏನೂ ತಿಳಿಯದವಳು ಸಾಲ ಮಾಡುತ್ತಾಳೆ, ಅದೂ ಬರಲಿರುವ ವೇತನವನ್ನು ನಂಬಿ. ಶಬರಿಯ ನಿರೀಕ್ಷೆಯನ್ನು ಕನ್ನಡ ಕಾವ್ಯ ಭಕ್ತಿಯಿಂದ ಕಂಡಿದೆ. ಅಲಂಕಾರಶಾಸ್ತ್ರ ವಿರಹೋತ್ಕಂಠಿತೆಗೆ ನಾಯಿಕೆಯರ ನಡುವೆ ಒಂದು ಸ್ಥಾನವನ್ನೇ ಕೊಟ್ಟಿದೆ. ಆದರೆ ಶಬರಿಗೆ ಬಡ್ಡಿ ಕಟ್ಟುವ ಪ್ರಮೇಯವಿರಲಿಲ್ಲ.

ದೆಹಲಿಯ ನಿಯಮ ಬದಲಾಗುವವರೆಗೆ ಕಾಲೇಜುಗಳು ಕೈಕಟ್ಟಿ ಕೂರಬೇಕಾಗಿಲ್ಲ. ಅರ್ಜಿಯ ಸ್ವೀಕೃತಿ ತೋರಿಸಿದವರಿಂದ ಎರಡನೆಯ ಕಂತನ್ನು ಪಟ್ಟಿ ಬರುವವರೆಗೆ ಒತ್ತಾಯಿಸದಿರಲು ಪ್ರಾಂಶುಪಾಲರ ಒಂದು ಸುತ್ತೋಲೆ ಸಾಕು. ಕಾಲೇಜಿನ ಹಂತದ ಪರಿಶೀಲನೆಯನ್ನು ಕೊನೆಯ ದಿನದವರೆಗೆ ಉಳಿಸಿಕೊಳ್ಳದೆ ವಾರಕ್ಕೊಮ್ಮೆ ಮುಗಿಸಬಹುದು. ಹೊರರಾಜ್ಯದ ಆದಾಯ ಪ್ರಮಾಣಪತ್ರ ತಮಿಳಿನಲ್ಲಿದೆಯೆಂದು ಹಿಂದಿರುಗಿಸುವ ಬದಲು, ಅದನ್ನು ಓದಬಲ್ಲವರೊಬ್ಬರನ್ನು ಕರೆಯಬಹುದು. ಗಡಿಯ ಕಾಲೇಜಿನಲ್ಲಿ ತಮಿಳು ಬಲ್ಲವರು ಸಿಗದೆ ಹೋಗುವರೇ?

ಕನ್ನಡ ವಿಭಾಗಗಳ ಕೈಯಲ್ಲಿ ಇನ್ನೊಂದು ಸಾಧನವಿದೆ. ಅನೇಕ ಕಾಲೇಜುಗಳಲ್ಲಿ ಐಚ್ಛಿಕ ಕನ್ನಡದಲ್ಲಿ ಹೆಚ್ಚು ಅಂಕ ಪಡೆದವರಿಗೆಂದು ಹಿಂದಿನ ಅಧ್ಯಾಪಕರೋ ಅವರ ಮನೆಯವರೋ ಇಟ್ಟ ದತ್ತಿನಿಧಿಗಳಿವೆ. ಮೊತ್ತ ಚಿಕ್ಕದು. ವಾರ್ಷಿಕೋತ್ಸವದ ದಿನ ಹಾರ, ಹಣ್ಣು, ಲಕೋಟೆಯೊಡನೆ ಅದನ್ನು ಕೊಡುವುದು ವಾಡಿಕೆ, ಅಂದರೆ ವರ್ಷ ಮುಗಿಯುವ ಹೊತ್ತಿಗೆ. ಹಾರವನ್ನು ವಾರ್ಷಿಕೋತ್ಸವಕ್ಕೇ ಇಟ್ಟುಕೊಂಡು, ಲಕೋಟೆಯನ್ನು ಮಾತ್ರ ಜುಲೈ ತಿಂಗಳಲ್ಲಿ, ಪ್ರವೇಶದ ಮೊದಲ ವಾರದಲ್ಲಿ, ಹನ್ನೆರಡನೆಯ ತರಗತಿಯ ಅಂಕಗಳನ್ನು ನೋಡಿ ಕೊಡಲು ದತ್ತಿ ಇಟ್ಟವರು ಬಹುಶಃ ಬೇಡವೆನ್ನಲಾರರು. ಮುಂದಿನ ಸಾಲಿನ ಪ್ರವೇಶ ಆರಂಭವಾಗುವ ಮುನ್ನ ಅವರಿಗೊಂದು ಪತ್ರ ಬರೆದು ಒಪ್ಪಿಗೆ ಕೇಳುವ ಕೆಲಸವನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೇ ವಹಿಸಿಕೊಳ್ಳಬಹುದು. ಪತ್ರಲೇಖನ ಅವರ ಪಠ್ಯದಲ್ಲಿಯೇ ಇದೆ.