ಹಂಡೆ ಒಲೆಯ ಹೊಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗಳಲ್ಲಿ ಬಚ್ಚಲೊಲೆಗೆ ಹಸಿವು ಜಾಸ್ತಿ. ಅಡಿಕೆ ಸಿಪ್ಪೆ, ಒಣ ಸೋಗೆ, ತೆಂಗಿನ ಗರಿ, ಏನು ತುರುಕಿದರೂ ಹಂಡೆಯ ನೀರು ಕಾಯುತ್ತದೆ. ಕೆಲವು ದಶಕಗಳಿಂದ ಅದಕ್ಕೆ ಹೊಸ ಆಹಾರವೂ ಸಿಕ್ಕಿದೆ: ಹಾಲಿನ ಖಾಲಿ ಕೊಟ್ಟೆ, ಶಾಂಪೂ ಪೊಟ್ಟಣ, ತೋಟದಲ್ಲಿ ಒಡೆದ ಪೈಪಿನ ತುಂಡು. ಕಸದ ಗಾಡಿ ಬಾರದ ಒಂಟಿ ಮನೆಗೆ ಇದು ಅನುಕೂಲವೇ. ಕಸವೂ ಮಾಯ, ನೀರೂ ಬಿಸಿ.

ಮಾಯವಾಗುವುದು ಕಣ್ಣಿಗೆ ಮಾತ್ರ. ಹಾಲಿನ ಕೊಟ್ಟೆ ಪಾಲಿಥೀನ್. ಅರೆಬರೆ ಉರಿದರೆ ಮಸಿ ಮತ್ತು ಕಾರ್ಬನ್ ಮೊನಾಕ್ಸೈಡ್ ಬರುತ್ತವೆ. ಪೈಪಿನ ಪಿ.ವಿ.ಸಿ. ಇನ್ನೂ ಅಪಾಯಕಾರಿ. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ಶೇಕಡಾ 57ರಷ್ಟು ಕ್ಲೋರಿನ್. ಅದು ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಏಳುತ್ತದೆ. ಹೊಗೆ ನಿಧಾನವಾಗಿ ತಣಿಯುವಾಗ ಡಯಾಕ್ಸಿನ್ ಹುಟ್ಟಬಹುದು. 1976ರ ಜುಲೈ 10ರಂದು ಇಟಲಿಯ ಸೆವೆಸೊ ಬಳಿಯ ಕಾರ್ಖಾನೆಯಿಂದ ಹೊರಬಿದ್ದದ್ದು ಇದೇ ಜಾತಿಯ ವಿಷ. ಅಲ್ಲಿ ಚರ್ಮದ ಮೇಲೆ ಗಂಟುಗಳೆದ್ದ ಸುಮಾರು 200 ಜನರಲ್ಲಿ ಹೆಚ್ಚಿನವರು ಮಕ್ಕಳು. ಬಚ್ಚಲೊಲೆಯಲ್ಲಿ ಹುಟ್ಟುವುದು ಅದರ ಅತ್ಯಲ್ಪ ಅಂಶ, ನಿಜ. ಆದರೆ ದೇಹದ ಕೊಬ್ಬಿನಲ್ಲಿ ಸೇರಿದ ಡಯಾಕ್ಸಿನ್ ವರ್ಷಗಟ್ಟಲೆ ಕದಲುವುದಿಲ್ಲ.

ಹಾಗಾದರೆ ಆಸ್ಪತ್ರೆ ಕಸವನ್ನು ಸುಡುವುದಿಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಸುಡುತ್ತಾರೆ, ಎರಡು ಕೋಣೆಗಳ ಕುಲುಮೆಯಲ್ಲಿ. ಮೊದಲ ಕೋಣೆಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್. ಅಲ್ಲಿನ ಹೊಗೆ ಎರಡನೆಯದರಲ್ಲಿ ಸುಮಾರು 1050 ಡಿಗ್ರಿಯಲ್ಲಿ ಕನಿಷ್ಠ 2 ಸೆಕೆಂಡ್ ಉರಿಯಬೇಕು ಎಂದು 2016ರ ನಿಯಮ ಹೇಳಿತು. ಚಿಮಣಿ 30 ಮೀಟರ್ ಎತ್ತರ ಇರಬೇಕು. ಇಷ್ಟೆಲ್ಲ ಇದ್ದರೂ ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ಕನ್ನು ಆ ಕುಲುಮೆಗೆ ಹಾಕುವಂತಿಲ್ಲ ಎಂದು 1998ರಲ್ಲೇ ನಿಯಮವಾಯಿತು. ಅಲ್ಲಿಗೆ ಬೇಡವಾದದ್ದು ಇಲ್ಲಿ ಮಗುವಿನ ಸ್ನಾನದ ನೀರಿನಡಿ!

ಚಳಿಗಾಲದ ಬೆಳಿಗ್ಗೆ ಕಣಿವೆಯ ಮಂಜು ಮುಚ್ಚಳದಂತೆ ಕೂತಾಗ ಹೊಗೆ ಮೇಲೇಳದೆ ಅಂಗಳದಲ್ಲೇ ಸುಳಿಯುತ್ತದೆ. ಬೂದಿಯ ಕಥೆ ಬೇರೆ. ಹಳೆಯ ಪಿ.ವಿ.ಸಿ. ಪೈಪುಗಳಿಗೆ ಸೀಸದ ಸಂಯುಕ್ತ ಬೆರೆಸುವುದು ಸಾಮಾನ್ಯವಾಗಿತ್ತು. ಬೆಂಕಿ ಸೀಸವನ್ನು ನಾಶ ಮಾಡಲಾರದು; ಅದರ ಬಹುಪಾಲು ಬೂದಿಯಲ್ಲೇ ಕೂರುತ್ತದೆ. ಆ ಬೂದಿ ಪಾತ್ರೆ ತಿಕ್ಕಲು ಬಳಕೆಯಾಗುತ್ತದೆ, ಗೊಬ್ಬರ ಗುಂಡಿಗೆ ಬೀಳುತ್ತದೆ, ಬಸಳೆ ಬುಡ ಸೇರುತ್ತದೆ.

ಸಿಪ್ಪೆ, ಸೋಗೆಗೆ ಒಲೆಯಲ್ಲಿ ಅಡ್ಡಿಯಿಲ್ಲ, ಒಣಗಿರಬೇಕು ಅಷ್ಟೆ. ಪ್ಲಾಸ್ಟಿಕ್ಕನ್ನು ತೊಳೆದು, ಒಣಗಿಸಿ ಚೀಲದಲ್ಲಿಟ್ಟರೆ ಪೇಟೆಗೆ ಹೋಗುವಾಗ ಒಯ್ಯಬಹುದು. ಡಬ್ಬಿ, ಬಾಟಲಿಗಳ ತಳದ ತ್ರಿಕೋನದಲ್ಲಿ 3 ಎಂದಿದ್ದರೆ ಅದು ಪಿ.ವಿ.ಸಿ. ಹುಡುಕುವ ಕೆಲಸ ಮಕ್ಕಳಿಗೇ ಬಿಡಬಹುದು. ಅವರ ಕಣ್ಣು ಚುರುಕು.